ಮನೆಯಲ್ಲೇ ಇದ್ದೆ ಎಂಬುದಕ್ಕೆ ಮೂವತ್ತು ಸಾಕ್ಷಿ

ಹೋದ ಚಳಿಗಾಲದಲ್ಲಿ ನಾನು ಸತತ ಮೂವತ್ತು ದಿನ ಒಬ್ಬ ಹೆಂಗಸಿನ ಫೋಟೋ ತೆಗೆದೆ. ಪ್ರತಿ ಫೋಟೋದಲ್ಲೂ ಆಕೆಯ ಕೈಯಲ್ಲಿ ಆ ದಿನದ ನ್ಯೂಸ್‌ಪೇಪರ್. ಹಿಂದೆ ಖಾಲಿ ಗೋಡೆ. ಮುಖದಲ್ಲಿ ನಗುವಿಲ್ಲ.

(ಗಾಬರಿ ಬೇಡ. ನನ್ನ ಹೆಂಡತಿಗೆ ವಿಷಯ ಗೊತ್ತಿತ್ತು. ಪೇಪರ್ ತಂದು ಕೊಡುತ್ತಿದ್ದವಳೇ ಅವಳು.)

ಹೈಸ್ಕೂಲಿನಲ್ಲಿರುವ ನನ್ನ ಮಗಳು ಫೋನಿನಲ್ಲಿ ಆ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿ, “ಅಪ್ಪಾ, ದಿಸ್ ಲುಕ್ಸ್ ಲೈಕ್ ಎ ಕಿಡ್ನ್ಯಾಪಿಂಗ್” ಅಂದಳು. ತಪ್ಪೇನೂ ಹೇಳಲಿಲ್ಲ. ಒತ್ತೆಯಾಳು ಇನ್ನೂ ಬದುಕಿದ್ದಾನೆ ಎಂದು ತೋರಿಸಲು ಅಪಹರಣಕಾರರು ಮಾಡುವುದೂ ಇದನ್ನೇ. ನಾವು ತೋರಿಸಬೇಕಿದ್ದದ್ದು ಇನ್ನೂ ಕಷ್ಟದ ಸಂಗತಿ. ವಸಂತಿ ಅಕ್ಕ ತನ್ನ ಮನೆಯಲ್ಲೇ ಇದ್ದಾಳೆ ಎಂಬುದನ್ನು.

ವಸಂತಿ ಅಕ್ಕ ನನ್ನ ದೊಡ್ಡಪ್ಪನ ಮಗಳು. ಐವತ್ತೆಂಟು ವರ್ಷ. ಮೂವತ್ತು ವರ್ಷದ ಹಿಂದೆ ಮದುವೆಯಾಗಿ ಧಾರವಾಡದಿಂದ ನ್ಯೂಯಾರ್ಕಿಗೆ ಬಂದಳು. ಮದುವೆ ಉಳಿಯಲಿಲ್ಲ, ಆಕೆ ಉಳಿದಳು. ಸಿಟಿಜನ್ ಆದಳು. ಫ್ಲಶಿಂಗ್‌ನ ಒಂದು ಚಿಕ್ಕ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರ ಮಕ್ಕಳನ್ನು ನೋಡಿಕೊಂಡು ಬದುಕು ಕಟ್ಟಿಕೊಂಡಳು. ಆಮೇಲೆ ಕಣ್ಣು ಹೋಗತೊಡಗಿದವು. ಮೊದಲು ಪಕ್ಕದ್ದು ಕಾಣದಾಯಿತು, ನಂತರ ಎದುರಿನದು. ಎಂಟು ವರ್ಷದಿಂದ ಪೂರ್ತಿ ಕತ್ತಲೆ. ಈಗ ಸರ್ಕಾರದ ಡಿಸೆಬಿಲಿಟಿ ಭತ್ಯೆಯಲ್ಲಿ ಬಾಡಿಗೆ, ದಿನಸಿ, ಔಷಧ ಎಲ್ಲ ನಡೆಯುತ್ತದೆ.

ಈ ಭತ್ಯೆಯಲ್ಲಿ ಎರಡು ಬಗೆ. ವರ್ಷಗಟ್ಟಲೆ ಪೇರೋಲ್‌ನಲ್ಲಿ ದುಡಿದು ಟ್ಯಾಕ್ಸ್ ಕಟ್ಟಿದವರಿಗೆ ಸಿಗುವುದು ಒಂದು. ಸಿಟಿಜನ್ ಬೇರೆ ದೇಶಕ್ಕೆ ಹೋದರೂ ಅದು ಸಾಮಾನ್ಯವಾಗಿ ಹಿಂದೆಯೇ ಬರುತ್ತದೆ. ಬೇರೆ ಆಸರೆ ಇಲ್ಲದವರಿಗೆ ಸಿಗುವುದು ಇನ್ನೊಂದು. ಅದಕ್ಕೆ ಪಾಸ್‌ಪೋರ್ಟ್ ಇಲ್ಲ. ಮೂವತ್ತು ದಿನ ಸತತವಾಗಿ ದೇಶದ ಹೊರಗಿದ್ದರೆ ಅದು ನಿಲ್ಲುತ್ತದೆ. ಮತ್ತೆ ಶುರುವಾಗಬೇಕಾದರೆ ವಾಪಸ್ ಬಂದು ಸತತ ಮೂವತ್ತು ದಿನ ಇಲ್ಲೇ ಇರಬೇಕು. ಮಕ್ಕಳನ್ನು ನೋಡಿಕೊಂಡ ಕೆಲಸ ಪೇರೋಲ್‌ಗೆ ಸೇರದ್ದರಿಂದ ಅಕ್ಕನಿಗಿದ್ದದ್ದು ಈ ಎರಡನೆಯದು.

ಇಂಥ ಅಕ್ಕನಿಗೆ ಕಳೆದ ನವೆಂಬರ್‌ನಲ್ಲಿ ಧಾರವಾಡದಿಂದ ಫೋನ್ ಬಂತು. ಅವಳ ತಮ್ಮ ಶ್ರೀಧರನಿಗೆ ಮದುವೆಯಾಗಿ ಹದಿನಾರು ವರ್ಷದ ಮೇಲೆ ಹೆಣ್ಣುಮಗು ಹುಟ್ಟಿತ್ತು. ನಮ್ಮ ಕಡೆ ಹೆಸರಿಡುವ ದಿನ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಕೂಗಿ ಹೆಸರು ಹೇಳಬೇಕಾದವಳು ಸೋದರತ್ತೆ. ಆಕೆ ಹೆಸರು ಹೇಳುವಾಗ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಶ್ರೀಧರನಿಗೆ ಇರುವುದು ಒಬ್ಬಳೇ ಅಕ್ಕ. ಮಗುವಿಗೂ ಒಬ್ಬಳೇ ಸೋದರತ್ತೆ.

“ನಾ ಹೋಗಾಕಿನ” ಅಂದಳು ವಸಂತಿ ಅಕ್ಕ. “ಗುದ್ದು ತಿನ್ನೋ ಹಕ್ಕು ನಂದು.”

ಟಿಕೆಟ್ ಬುಕ್ ಮಾಡಿದವನು ನಾನು. ಹೊರಟ ದಿನ, ಬಂದಿಳಿದ ದಿನ ಬಿಟ್ಟು ಹೊರಗೆ ಇಪ್ಪತ್ತೆಂಟು ದಿನ ಬರುವ ಹಾಗೆ ನೋಡಿಕೊಂಡೆ. ಒಂದು ದಿನದ ಮಾರ್ಜಿನ್ ಬೇರೆ ಇದೆ ಎಂದು ಬೀಗಿದೆ.

ಅಕ್ಕ ಹೋದಳು, ಕುರ್ರ್ ಅಂದಳು, ಗುದ್ದು ತಿಂದಳು. ಮಗುವಿಗೆ ಇಂಚರ ಎಂದು ಹೆಸರಾಯಿತು. ಇಪ್ಪತ್ತೆಂಟು ದಿನ ಮುಗಿಸಿ ಲಕ್ಷಣವಾಗಿ ವಾಪಸ್ ಹೊರಟಳು. ಅಷ್ಟರಲ್ಲಿ ನ್ಯೂಯಾರ್ಕಿನಲ್ಲಿ ಹಿಮಬಿರುಗಾಳಿ ಶುರುವಾಗಿತ್ತು. ವಿಮಾನ ನಮ್ಮ ತಲೆಯ ಮೇಲೆ ಒಂದು ಗಂಟೆ ಸುತ್ತಿತು, ಇಳಿಯಲು ಅನುಮತಿ ಸಿಗದೆ ಕೆನಡಾದ ಟೊರೊಂಟೊಗೆ ಹೋಗಿ ಇಳಿಯಿತು. ಅಲ್ಲೂ ಹಿಮ. ಏರ್‌ಲೈನ್‌ನವರು ಎಲ್ಲರನ್ನೂ ಹೋಟೆಲಿನಲ್ಲಿ ಕೂರಿಸಿದರು. ಅಕ್ಕ ನ್ಯೂಯಾರ್ಕ್ ಮುಟ್ಟಿದ್ದು ಎರಡು ದಿನ ತಡವಾಗಿ.

ಇಪ್ಪತ್ತೆಂಟು ಪ್ಲಸ್ ಎರಡು. ನಿಮಗೂ ಗಣಿತ ಬರುತ್ತದೆ.

ಪಕ್ಕದ ಫ್ಲಾಟಿನ ಆಂಟಿ, ಯಾರಿಗೂ ಹೇಳಬೇಡಿ, ಎರಡು ದಿನ ಯಾರ ಗಮನಕ್ಕೂ ಬರುವುದಿಲ್ಲ ಅಂದರು. ಅಕ್ಕ ಕೇಳಲಿಲ್ಲ. ಮರುದಿನ ಬೆಳಿಗ್ಗೆಯೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ, ಭತ್ಯೆಯ ಆಫೀಸಿಗೆ ತಾನೇ ಕಾಲ್ ಮಾಡಿದಳು. ಹೋಲ್ಡ್ ಮ್ಯೂಸಿಕ್ ಎಪ್ಪತ್ತು ನಿಮಿಷ. ಆಮೇಲೆ ಒಬ್ಬ ಯುವಕ ಸಿಕ್ಕ. ಬಹಳ ವಿನಯವಂತ. ವಿಮಾನ ಒಂದು ಗಂಟೆ ನ್ಯೂಯಾರ್ಕಿನ ಮೇಲೇ ಇತ್ತು, ಅದನ್ನು ಅಮೆರಿಕದಲ್ಲಿ ಇದ್ದ ಹಾಗೆ ಹಿಡಿಯಬಹುದೇ ಎಂದು ಅಕ್ಕ ಕೇಳಿದಳು. ಅವನು ಸ್ವಲ್ಪ ಯೋಚಿಸಿ, ವಿಮಾನ ನ್ಯೂಯಾರ್ಕಿನ ಮೇಲಿತ್ತು ಎಂದು ಹೇಗೆ ಹೇಳುತ್ತೀರಿ, ಕಿಟಕಿಯಿಂದ ನೋಡಿದಿರಾ ಎಂದು ಕೇಳಿದ.

ಅಕ್ಕ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದಳು. “ಈ ಹುಡಗನ ಎದುರಿಗೆ ನನ್ನ ಫೈಲ್ ಇಲ್ಲೇನೊ? ಯಾಕ ಭತ್ಯೆ ಕೊಡತಾರ ಅಂತ ಅದರಾಗ ಬರದಿಲ್ಲೇನು?”

ಎರಡು ವಾರದ ನಂತರ ಲೆಟರ್ ಬಂತು. ಭತ್ಯೆ ನಿಂತಿದೆ. ಮರಳಿ ಬೇಕಿದ್ದರೆ ಮೂವತ್ತು ದಿನ ನೀವು ಈ ದೇಶದಲ್ಲಿ ಖುದ್ದು ಹಾಜರಿದ್ದಿರಿ ಎಂಬುದಕ್ಕೆ ಪುರಾವೆ ತನ್ನಿ. ಲೆಟರ್ ಸಣ್ಣ ಅಕ್ಷರದಲ್ಲಿ ಪ್ರಿಂಟ್ ಆಗಿತ್ತು. ಓದಿ ಹೇಳಿದವನು ನಾನು.

ಪಾಸ್‌ಪೋರ್ಟಿನಲ್ಲಿ ಮುದ್ರೆ ಇರುತ್ತದಲ್ಲ ಎನ್ನುತ್ತೀರಾ? ಇರಲಿಲ್ಲ. ಅಕ್ಕ ಬಂದಿಳಿದಾಗ ಕ್ಯಾಮೆರಾ ಮುಖ ನೋಡಿ ಒಳಗೆ ಬಿಟ್ಟಿತ್ತು, ಅಷ್ಟೇ. ಅದೂ ಅಲ್ಲದೆ ಅವರು ಕೇಳುತ್ತಿದ್ದದ್ದು ಬಂದದ್ದಕ್ಕೆ ಸಾಕ್ಷಿಯಲ್ಲ. ಬಂದಮೇಲೆ ಎಲ್ಲೂ ಹೋಗದೆ ಇದ್ದದ್ದಕ್ಕೆ.

ನೀವೇ ಹೇಳಿ. ಹೋದ ಮಂಗಳವಾರ ನೀವು ಮನೆಯಲ್ಲೇ ಇದ್ದಿರಿ ಎಂಬುದಕ್ಕೆ ನಿಮ್ಮ ಬಳಿ ಏನಿದೆ? ಆಫೀಸಿಗೆ ಹೋಗುವವರಿಗೆ, ಕಾರ್ಡ್ ಉಜ್ಜುವವರಿಗೆ, ಟ್ರಾಫಿಕ್ ಟಿಕೆಟ್ ತಿನ್ನುವವರಿಗೆ ಚಿಂತೆಯಿಲ್ಲ. ರೇಡಿಯೊ ಕೇಳುತ್ತ, ಹೆಸರುಬೇಳೆ ಬೇಯಿಸಿಕೊಂಡು, ಸುಮ್ಮನೆ ಬದುಕುವವರು ಏನು ತೋರಿಸಬೇಕು?

ಕರೆಂಟ್ ಬಿಲ್ ನಡೆಯುತ್ತದೆ ಎಂದು ಲೆಟರಿನಲ್ಲಿತ್ತು. ತೆಗೆದು ನೋಡಿದೆವು. ಅಕ್ಕ ಊರಿನಲ್ಲಿದ್ದ ತಿಂಗಳ ಬಿಲ್ಲಿಗೂ ಇಲ್ಲಿದ್ದ ತಿಂಗಳ ಬಿಲ್ಲಿಗೂ ಹೆಚ್ಚು ವ್ಯತ್ಯಾಸವೇ ಇಲ್ಲ. ಎರಡರಲ್ಲೂ ಕರೆಂಟ್ ತಿಂದದ್ದು ಹೆಚ್ಚುಕಡಿಮೆ ಫ್ರಿಜ್ ಮಾತ್ರ. ಆಕೆ ದೀಪ ಹಾಕಿ ಎಂಟು ವರ್ಷವಾಗಿದೆ.

ಸುಧಾ, ಅಂದರೆ ನನ್ನ ಹೆಂಡತಿ, ಇದೆಲ್ಲ ಯಾಕೆ, ಅಕ್ಕ ಹಿಕ್ಸ್‌ವಿಲ್‌ಗೆ ಬಂದು ನಮ್ಮ ಮನೆಯಲ್ಲೇ ಇರಲಿ, ಗೆಸ್ಟ್ ರೂಮ್ ಖಾಲಿಯೇ ಇದೆ ಅಂದಳು. ಮನಸಾರೆ ಹೇಳಿದ ಮಾತು. ನಾನು ಅದನ್ನು ಅಕ್ಕನಿಗೆ ಮುಟ್ಟಿಸಿದೆ. ಆಕೆ ಒಲೆಯ ಮುಂದೆ ನಿಂತಿದ್ದಳು. ಕೈ ಚಾಚಿ ಉಪ್ಪಿನ ಡಬ್ಬಿ ತೆಗೆದಳು, ತಡಕಾಡಲಿಲ್ಲ. ಬೇಳೆಗೆ ಉಪ್ಪು ಹಾಕಿ, ಡಬ್ಬಿಯನ್ನು ಅದೇ ಜಾಗದಲ್ಲಿಟ್ಟು ಹೇಳಿದಳು.

“ನಿಮ್ಮನಿ ಛಲೋ ಅದ. ಸುಧಾನೂ ಛಲೋ ಇದ್ದಾಳ. ಆದರ ಇಲ್ಲೆ ನನಗ ಎಲ್ಲಾ ಕಾಣಸ್ತದ. ನಿಮ್ಮನ್ಯಾಗ ನಾ ಕುರುಡಿ ಆಗ್ತೀನಿ.”

ಆಮೇಲೆ ನಾನು ಗೆಸ್ಟ್ ರೂಮಿನ ಮಾತೆತ್ತಲಿಲ್ಲ. ಮನೆ ಮಾಲೀಕ ಪುಣ್ಯಾತ್ಮ, ಬಾಡಿಗೆಗೆ ಕಾಯುತ್ತೇನೆ ಅಂದ. ನಾವು ಪುರಾವೆ ಕಲೆಹಾಕಲು ಹೊರಟೆವು.

ಪೇಪರ್ ಹಿಡಿದ ಫೋಟೋ ನನ್ನ ಐಡಿಯಾ. ನನ್ನ ಕೆಲಸ ಅಕ್ಕನ ಮನೆಯಿರುವ ಕ್ವೀನ್ಸ್‌ನಲ್ಲೇ ಇರುವುದರಿಂದ ಮನೆಗೆ ಡ್ರೈವ್ ಮಾಡುವಾಗ, ರಜಾದಿನ ಅದಕ್ಕೆಂದೇ ಹೊರಟು, ದಿನಾ ಅಕ್ಕನ ಮನೆಗೆ ಹೊಕ್ಕು ಒಂದು ಫೋಟೋ ತೆಗೆಯುತ್ತಿದ್ದೆ. ನಾಲ್ಕನೇ ದಿನ ಆಕೆ ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದಳು. ಆಕೆಗೆ ಗೊತ್ತಾಗುವಂತಿರಲಿಲ್ಲ, ನಾನು ನೋಡಲಿಲ್ಲ. ಒಂಬತ್ತನೇ ದಿನ ಅವಸರದಲ್ಲಿ ಹಿಂದಿನ ದಿನದ ಪೇಪರನ್ನೇ ಒಯ್ದಿದ್ದೆ. ಹೀಗಾಗಿ ನಮ್ಮ ದಾಖಲೆಯ ಪ್ರಕಾರ ಅಕ್ಕ ಆ ವಾರ ಎರಡು ಬುಧವಾರ ಬದುಕಿದ್ದಾಳೆ. ಗುರುವಾರ ಆಕೆ ಎಲ್ಲಿದ್ದಳೋ ದೇವರೇ ಬಲ್ಲ.

ದೇವರು ಬಲ್ಲ ಎಂದ ಕೂಡಲೇ ಅಕ್ಕನಿಗೆ ಇನ್ನೊಂದು ಹೊಳೆಯಿತು. ಫ್ಲಶಿಂಗ್‌ನ ಗಣೇಶನ ಗುಡಿ ಆಕೆಯ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿನ ಕ್ಯಾಂಟೀನಿನ ದೋಸೆ ಬಿಲ್ಲಿನಲ್ಲಿ ತಿಂದವರ ಹೆಸರಿರುವುದಿಲ್ಲ. ಅರ್ಚನೆ ಚೀಟಿಯಲ್ಲಿ ಹೆಸರೂ ಇರುತ್ತದೆ, ತಾರೀಖೂ ಇರುತ್ತದೆ. ಹತ್ತನೇ ದಿನದಿಂದ ಅಕ್ಕ ತಪ್ಪದೆ ತನ್ನ ಹೆಸರಿನಲ್ಲಿ ಅರ್ಚನೆ ಮಾಡಿಸತೊಡಗಿದಳು. ವಾರವಾಗುವಷ್ಟರಲ್ಲಿ ಅರ್ಚಕರು ಚಿಂತೆಗೆ ಬಿದ್ದು, ಏನಮ್ಮಾ, ದೊಡ್ಡ ಕಷ್ಟವೇನಾದರೂ ಬಂದಿದೆಯೇ ಎಂದು ವಿಚಾರಿಸಿದರಂತೆ. ಕಷ್ಟ ಏನಿಲ್ಲ, ರಶೀದಿ ಬೇಕಾಗಿದೆ ಎಂದಳಂತೆ ಇವಳು.

ಹದಿನೆಂಟನೇ ದಿನ ಫುಟ್‌ಪಾತಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ಕೈಯಲ್ಲಿ ಬಿಳಿಕೋಲಿತ್ತು. ಆದರೆ ಕೋಲಿಗೆ ತಗುಲುವಾಗ ಮಂಜೂ ಕಲ್ಲೂ ಒಂದೇ. ದಾರಿಹೋಕರು ಎಬ್ಬಿಸಿದರು, ನನಗೆ ಫೋನ್ ಬಂತು. ಅರ್ಜೆಂಟ್ ಕೇರ್‌ಗೆ ಕರೆದುಕೊಂಡು ಹೋದೆ. ಮುಂಗೈ ಉಳುಕಿತ್ತು, ಮೂಳೆ ಮುರಿದಿರಲಿಲ್ಲ. ಮನೆಯಲ್ಲಿ ಸುಖವಾಗಿದ್ದವಳು, ಮನೆಯಲ್ಲಿದ್ದಾಳೆಂದು ತೋರಿಸಲು ಮಂಜಿನಲ್ಲಿ ದಿನಾ ಹೊರಗೆ ಹೋಗಬೇಕಾಗಿ ಬಂದು ಬಿದ್ದಳಲ್ಲ ಎಂದು ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಅಕ್ಕನ ಮುಖ ಮಾತ್ರ ಅರಳಿತ್ತು. ಡಾಕ್ಟರು ಕೊಟ್ಟ ಕಾಗದದಲ್ಲಿ ಹೆಸರು, ಹುಟ್ಟಿದ ದಿನ, ತಾರೀಖು, ಗಂಟೆ, ನಿಮಿಷ ಎಲ್ಲ ಇದೆ ಎಂದು ನಾನು ಓದಿ ಹೇಳಿದ್ದೆ.

“ಇದಕ್ಕಿಂತ ಪಕ್ಕಾ ಪುರಾವೆ ಎಲ್ಲೆ ಸಿಗತದ ಹೇಳು” ಅಂದಳು. ಬ್ಯಾಂಡೇಜು ಕಟ್ಟಿಸಿಕೊಳ್ಳುತ್ತಲೇ, ವಾರಕ್ಕೊಮ್ಮೆ ತೋರಿಸಲು ಬರಬೇಕಾಗುತ್ತದೆಯೇ ಎಂದು ಡಾಕ್ಟರನ್ನು ಆಸೆಯಿಂದ ಕೇಳಿದಳು. ಬೇಡ ಎಂದಾಗ ಸಪ್ಪಗಾದಳು.

ಮೂವತ್ತು ದಿನ ಮುಗಿಸಿ, ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಒಂದು ಬೆಳಿಗ್ಗೆ ಇಬ್ಬರೂ ಆಫೀಸಿಗೆ ಹೋದೆವು. ಟೋಕನ್ ನಂಬರ್ ಗೋಡೆಯ ಪರದೆಯ ಮೇಲೆ ಮೂಡುತ್ತಿತ್ತು. (ಕೂಗುವ ವ್ಯವಸ್ಥೆ ಕೆಟ್ಟಿದೆ ಎಂದು ಬೋರ್ಡ್ ಹಾಕಿದ್ದರು. ಬೋರ್ಡನ್ನು ಓದಿ ಹೇಳಿದವನೂ ನಾನೇ.) ಒಳಗೆ ಕಿಟಕಿಯ ಹಿಂದೆ ನಡುವಯಸ್ಸಿನ ಅಧಿಕಾರಿಣಿ. ದಣಿದ ಮುಖ, ಮೃದು ಮಾತು. ನಾನು ಫೈಲ್ ಬಿಚ್ಚಿದೆ.

ಆಕೆ ಫೋಟೋಗಳನ್ನು ಸಾವಧಾನವಾಗಿ ನೋಡಿದರು. ನಾಲ್ಕನೆಯದರಲ್ಲಿ ಪೇಪರ್ ತಿರುವುಮುರುವಾಗಿದೆ ಅಂದರು. ಇವರಿಗೆ ಕಣ್ಣು ಕಾಣುವುದಿಲ್ಲ ಅಂದೆ. ಅದು ಅರ್ಥವಾಗುತ್ತದೆ, ಆದರೆ ತಾರೀಖು ಓದಲು ಕಷ್ಟವಾಗುತ್ತಿದೆ ಅಂದರು. ಎರಡು ಬುಧವಾರಗಳನ್ನು ಕಂಡು ಹುಬ್ಬೇರಿಸಿದರು. ಅರ್ಚನೆ ಚೀಟಿಯಲ್ಲಿ ಭರಣಿ ಎಂದಿದ್ದಕ್ಕೆ ಬೆರಳಿಟ್ಟು, ಇದು ವಿಳಾಸವೇ ಎಂದು ಕೇಳಿದರು. ಅಲ್ಲ, ಹುಟ್ಟಿದ ನಕ್ಷತ್ರ ಎಂದೆ. ಅಂದರೆ ಆಕಾಶದಲ್ಲಿರುವುದು ತಾನೇ ಎಂದರು. ಹೌದು ಎಂದೆ.

ಕೊನೆಗೆ ಆಕೆ ಚೀಟಿಗಳನ್ನು ಬದಿಗೆ ಸರಿಸಿ ಕೀಬೋರ್ಡಿನಲ್ಲಿ ಏನೋ ಒತ್ತಿ, ಹತ್ತು ಸೆಕೆಂಡ್ ಕಾದು, ಅಕ್ಕ ದೇಶದೊಳಗೆ ಬಂದ ತಾರೀಖನ್ನು ಸರಿಯಾಗಿ ಹೇಳಿದರು. ಅದಾದ ಮೇಲೆ ಹೊರಗೆ ಹೋದ ದಾಖಲೆ ಇಲ್ಲ ಎಂದೂ ಹೇಳಿದರು.

ನಾನು ಪೆದ್ದನಂತೆ ನೋಡಿದೆ. ಇದು ನಿಮ್ಮ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇತ್ತೇ ಎಂದು ಕೇಳಿದೆ. ಇತ್ತು ಅಂದರು. ಹಾಗಾದರೆ ಪುರಾವೆ ಯಾಕೆ ಕೇಳಿದಿರಿ? ಲೆಟರ್ ತನ್ನಷ್ಟಕ್ಕೆ ತಾನೇ ಹೋಗುತ್ತದೆ, ನಾವು ಬರೆಯುವುದಿಲ್ಲ ಅಂದರು. ದನಿಯಲ್ಲಿ ನಿಜವಾದ ಸಂಕೋಚವಿತ್ತು.

ನನ್ನ ಬಾಯಿಗೆ ಬರುತ್ತಿದ್ದ ಮಾತನ್ನು ಅಕ್ಕ ಹೇಗೋ ಗ್ರಹಿಸಿ, ಉಳುಕದ ಕೈಯಿಂದ ನನ್ನ ತೋಳು ಒತ್ತಿದಳು.

ಅಧಿಕಾರಿಣಿ ಫಾರ್ಮ್ ತುಂಬತೊಡಗಿದರು. ಪ್ರಯಾಣದ ಕಾರಣವೇನು ಎಂದು ಕೇಳಿದರು. ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಹೋಗಿದ್ದೆ ಎಂದು ಅಕ್ಕ ಇಂಗ್ಲಿಷಿನಲ್ಲಿ ವಿವರಿಸಿದಳು. ಕುರ್ರ್ ಎಂಬುದನ್ನು ಮಾಡಿ ತೋರಿಸಿದಳು. ಪಕ್ಕದ ಕಿಟಕಿಯವರು ಬಗ್ಗಿ ನೋಡಿದರು. ಫೋನಿನಲ್ಲಿ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ಅಧಿಕಾರಿಣಿ ಕೇಳಿದಾಗ, ಹೇಳಬಹುದಿತ್ತು, ಆದರೆ ಗುದ್ದು ಫೋನಿನಲ್ಲಿ ಸಿಗುವುದಿಲ್ಲ ಎಂದಳು. ಆಕೆ ನಕ್ಕುಬಿಟ್ಟರು. ಟೈಪ್ ಮಾಡುವುದನ್ನು ನಿಲ್ಲಿಸಿ, ಏನು ಹೆಸರಿಟ್ಟಿರಿ ಎಂದು ಕೇಳಿದರು. ಅದು ಫಾರ್ಮಿನಲ್ಲಿ ಇರಲಿಲ್ಲ.

ಭತ್ಯೆ ಮತ್ತೆ ಶುರುವಾಗಿದೆ. ಅಕ್ಕ ಅದೇ ಮನೆಯಲ್ಲಿದ್ದಾಳೆ, ಮುಂಗೈ ವಾಸಿಯಾಗಿದೆ. ಬರುವ ಚಳಿಗಾಲಕ್ಕೆ ಇಂಚರಳ ಜವಳವಂತೆ, ಈ ಸಲ ಹದಿನೈದೇ ದಿನಕ್ಕೆ ಟಿಕೆಟ್ ಹುಡುಕು ಎಂದು ಈಗಲೇ ಹೇಳಿದ್ದಾಳೆ.

ನಿಯಮಕ್ಕೆ ಅರ್ಥವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇಲ್ಲಿ ಬದುಕುವವರಿಗೆ ಕೊಡುವ ಹಣ ಇಲ್ಲಿ ಬದುಕುವವರಿಗೇ ಹೋಗಲಿ ಎಂಬುದು ನ್ಯಾಯವೇ. ಊರಿಗೆ ಹೋದಾಗ ಬಾಡಿಗೆಯೂ ನಿಲ್ಲುವಂತಿದ್ದರೆ ಲೆಕ್ಕ ಇನ್ನೂ ಚೆನ್ನಾಗಿ ಹೊಂದುತ್ತಿತ್ತು, ಇರಲಿ. ಆ ಆಫೀಸಿನವರು ಅಕ್ಕ ಯಾವ ದಿನ ಹೋದಳು, ಯಾವ ದೇಶದಲ್ಲಿ ಇಳಿದಳು, ಯಾರ ಮನೆಯಲ್ಲಿ ಉಳಿದಳು, ಯಾಕೆ ತಡವಾಯಿತು ಎಂದು ಎಲ್ಲವನ್ನೂ ಕೇಳಿ ಬರೆದುಕೊಂಡರು.

ಭತ್ಯೆ ನಿಂತಿದ್ದ ಅಷ್ಟೂ ದಿನ ಆಕೆಗೆ ಕಣ್ಣು ಕಾಣುತ್ತಿತ್ತೇ ಎಂದು ಮಾತ್ರ ಯಾರೂ ಕೇಳಲಿಲ್ಲ.