ಕಿಟಕಿ ಹಾಜರಿ

ಜಯಮ್ಮನವರೇ, ನಿಮ್ಮ ಸೋದರಮಾವ ಕಾಳೇಗೌಡರು ತಮ್ಮ ಪಾಲಿನ ಗದ್ದೆಯನ್ನು ನಿಮ್ಮ ಹೆಸರಿಗೆ ಬರೆದುಕೊಡಲು ನಮ್ಮ ಸಬ್ ರಿಜಿಸ್ಟ್ರಾರ್ ಕಛೇರಿಗೆ ಬಂದಿದ್ದರು. ಬಂದೇ ಇರಲಿಲ್ಲ ಎಂದು ನಿಮಗೆ ಹೇಳಿದವನು ನಾನು. ಹೇಳಿದ್ದು ಸುಳ್ಳು. ಅವರನ್ನು ವಾಪಸು ಕಳಿಸಿದವನೂ ನಾನೇ — ಸಾಹೇಬರಲ್ಲ, ಕಾನೂನಲ್ಲ, ನಾನು.

ಇಷ್ಟು ಬರೆದು ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದೆ. ಹಾಕಿಯೇ ಇತ್ತು. ಹಾಡಹಗಲು, ಹುಣಸೂರಿನ ನಡುಬೀದಿಯ ಮನೆ, ಯಾವ ಕಳ್ಳ ಬರುತ್ತಾನೆ? ಆದರೂ ನೋಡಿ ಬಂದೆ. ಈ ಚಾಳಿಯಿಂದಲೇ ಎಲ್ಲ ಶುರುವಾದದ್ದು. ಅದನ್ನು ಹೇಳಿದರೆ ನೀವು ನಗಬಹುದು — ಇಲ್ಲ, ನೀವು ನಗಲಾರಿರಿ.

ಆಗ ನಾನು ಆ ಕಛೇರಿಯ ಗುಮಾಸ್ತ. ಯಾವ ಊರು ಎಂದು ಬರೆಯುವುದಿಲ್ಲ, ನಿಮಗೆ ಗೊತ್ತು. ಕೆಳಗೆ ಗೊಬ್ಬರದ ಗೋದಾಮು, ಮೇಲೆ ನಮ್ಮ ಕಛೇರಿ, ನಡುವೆ ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು. ಎರಡೂ ಕಡೆ ಗೋಡೆ, ಹಿಡಿದುಕೊಳ್ಳಲು ಏನೂ ಇಲ್ಲ, ಮಧ್ಯೆ ಒಂದು ತಿರುವು. ಜನ ಹತ್ತಿ ಇಳಿದು ಮೆಟ್ಟಿಲುಗಳ ನಡು ಸವೆದು ತಟ್ಟೆಯ ಹಾಗೆ ಹಳ್ಳ ಬಿದ್ದಿತ್ತು. ಸಂಜೆ ಬೀಗ ಹಾಕುವುದು ನನ್ನ ಕೆಲಸ. ಹಾಕುತ್ತಿದ್ದೆ, ಜಗ್ಗಿ ನೋಡುತ್ತಿದ್ದೆ, ಇಳಿದು ಎದುರಿನ ಹೋಟೆಲಿನಲ್ಲಿ ಕಾಫಿಗೆ ಕೂರುತ್ತಿದ್ದೆ. ಅರ್ಧ ಲೋಟ ಕಾಫಿ ಒಳಗೆ ಹೋಗುವಷ್ಟರಲ್ಲಿ, ಬೀಗ ಸರಿಯಾಗಿ ಕೂತಿತೋ ಇಲ್ಲವೋ ಎಂದು ಎದೆ ಡವಡವ. ಮತ್ತೆ ಹತ್ತು, ಮತ್ತೆ ಜಗ್ಗು, ಮತ್ತೆ ಇಳಿ. ಕಾಫಿ ಆರಿ ಕೆನೆ ಕಟ್ಟಿರುತ್ತಿತ್ತು.

ನಿಮ್ಮ ಮಾವ ಸಂತೆಗೆ ಬಂದ ದಿನ ಆ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿಕೊಂಡು, ಗಾಡಿಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಹುಟ್ಟಿದ ಸ್ವಲ್ಪ ದಿನಕ್ಕೇ ಕಾಲು ಬತ್ತಿಹೋದವರು, ಅಂಗೈಗೆ ಟೈರಿನ ತುಂಡು ಕಟ್ಟಿಕೊಂಡು ಕೈಮೇಲೆ ಓಡಾಡುವವರು. ಮಾತು ಮಾತ್ರ ಎಲ್ಲರಿಗಿಂತ ಮುಂದೆ. ಒಂದು ಸಂಜೆ ನನ್ನ ಈ ಹತ್ತಾಟ ಇಳಿದಾಟ ನೋಡಿ ಬೀದಿಗೆಲ್ಲ ಕೇಳುವಂತೆ ಹೇಳಿದರು:

“ಅಯ್ಯೋ ಸ್ವಾಮಿ, ಆ ಬೀಗನ ಅಷ್ಟು ಜಗ್ಗಿದ್ರೆ ಬಾಗ್ಲೇ ಕಿತ್ಕಂಡ್ ಬಂದ್ಬುಡ್ತದೆ ಕಣ್ರೀ! ನಂಗ್ ದೇವ್ರು ಕಾಲು ಕೊಡ್ನಿಲ್ಲ. ನಿಮ್ಗೆ ಕೊಟ್ಟು ಏನ್ ಬಂತು, ಬರೀ ಮೆಟ್ಲು ಸವ್ಸಾಕೆ ಆಯ್ತು. ಜಗ್ಗಪ್ನೋರು ಕಣ್ರಪ್ಪ ಇವ್ರು, ಜಗ್ಗಪ್ನೋರು!”

ಹೋಟೆಲಿಗೆ ಹೋಟೆಲೇ ನಕ್ಕಿತು. ನಾನೂ ನಕ್ಕೆ. ನಗದೆ ಏನು ಮಾಡಲಿ? ಅಂದಿನಿಂದ ಅಪ್ಪ ಅಮ್ಮ ಇಟ್ಟ ಹೆಸರು ಹೋಯಿತು. ಟಪಾಲಿನವನಿಗೆ ಜಗ್ಗಪ್ಪ, ಕ್ಷೌರದವನಿಗೆ ಜಗ್ಗಪ್ಪ, ಹೆಣ್ಣು ನೋಡಲು ಭೇರ್ಯಕ್ಕೆ ಹೋದರೆ ಬಾಗಿಲ ಸಂದಿಯಲ್ಲಿ ಕಿಸಕ್ಕೆಂದು ನಗು — “ಜಗ್ಗಪ್ಪ ಅಂದ್ರೆ ಇವ್ರೇನಾ?” ಆ ಸಂಬಂಧ ಕೂಡಿಬರಲಿಲ್ಲ. ಅದಕ್ಕೆ ಕಾರಣ ಜಾತಕವೋ ಏನೋ. ನಾನು ಮಾತ್ರ ಕಾಳೇಗೌಡರ ಲೆಕ್ಕಕ್ಕೆ ಬರೆದುಕೊಂಡೆ.

ದ್ವೇಷವೆಂದರೆ ದೊಡ್ಡ ದೊಡ್ಡ ಕಾರಣಕ್ಕೆ ಹುಟ್ಟುವುದು ಎಂದುಕೊಂಡಿದ್ದೆ. ಅಲ್ಲ ಜಯಮ್ಮನವರೇ. ನನ್ನಂಥ ಪುಕ್ಕಲನೊಳಗೆ ಅದು ಹಲ್ಲುನೋವಿನ ಹಾಗೆ ಇರುತ್ತದೆ — ಉಂಡಾಗ, ಕುಡಿದಾಗ, ಸುಮ್ಮನೆ ಕೂತಾಗ. ಎದುರು ನಿಂತು ಬಯ್ಯಲು ಧೈರ್ಯವಿಲ್ಲ. ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಿದ್ದೆ, ಪ್ರತಿ ಸಲವೂ ಗೆಲ್ಲುತ್ತಿದ್ದೆ, ಬೀದಿಗಿಳಿದರೆ ಮತ್ತೆ ಜಗ್ಗಪ್ಪ. ಕಾಯುತ್ತಿದ್ದೆ. ಕಾಯುವುದೊಂದು ನನಗೆ ಚೆನ್ನಾಗಿ ಬರುತ್ತದೆ.

ನಮ್ಮ ಕಛೇರಿಯಲ್ಲಿ ಒಂದು ರೂಢಿ ಇತ್ತು. ಪತ್ರ ಬರೆದುಕೊಡುವವರು ಸಾಹೇಬರ ಎದುರು ಖುದ್ದು ಹಾಜರಾಗಿ ಒಪ್ಪಿದ್ದೇನೆ ಎನ್ನಬೇಕು, ಹೆಬ್ಬೆಟ್ಟು ಒತ್ತಬೇಕು. ಹತ್ತಲಾರದ ಮುದುಕರು, ತುಂಬಿದ ಬಸುರಿಯರು, ಕಾಲಿಲ್ಲದವರು ಕೆಳಗೆ ಹೊಂಗೆಮರದಡಿ ಗಾಡಿಯಲ್ಲೇ ಕೂರುತ್ತಿದ್ದರು. ಹಳೆಯ ಸಾಹೇಬರು ಕಿಟಕಿಯಿಂದ ತಲೆ ಹಾಕಿ, “ಏನಪ್ಪಾ, ನೀನೇನಾ ಇಂಥವನು? ಒಪ್ಪಿ ಬರೆದುಕೊಟ್ಟಿದೀಯಾ?” ಎಂದು ಕೂಗುತ್ತಿದ್ದರು. ಅವರು ಕೈಯೆತ್ತಿ, “ನಾನೇ ಬುದ್ದಿ, ಒಪ್ಪಿವ್ನಿ” ಎಂದರೆ ಮುಗಿಯಿತು. ನಾನು ಮಸಿಯ ಪ್ಯಾಡು ಹಿಡಿದು ಇಳಿದು ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿದ್ದೆ. ಕಿಟಕಿ ಹಾಜರಿ ಎಂದು ಕರೆಯುತ್ತಿದ್ದೆವು. ಯಾವ ನಿಯಮದಲ್ಲೂ ಇಲ್ಲದ್ದು, ಆದರೆ ಅದರಿಂದ ಯಾರಿಗೂ ಕೇಡಾಗಿರಲಿಲ್ಲ.

ಹಳೆಯ ಸಾಹೇಬರಿಗೆ ವರ್ಗವಾಯಿತು. ಹೊಸಬರು ಬಂದರು, ಚಿಕ್ಕ ವಯಸ್ಸು, ಮೊದಲ ಜಾಗ. ಅದೇ ದಿನಗಳಲ್ಲಿ ಪತ್ರ ಬರೆಯುವ ಅಯ್ಯನವರು ಮಾತಿನ ಮೇಲೆ ಮಾತು ಬಂದು, ಮುಂದಿನ ಸಂತೆಗೆ ಕಾಳೇಗೌಡರು ದಾನಪತ್ರಕ್ಕೆ ಬರುತ್ತಾರೆ ಎಂದರು. ನನ್ನ ಹಲ್ಲುನೋವು ತಟ್ಟನೆ ನಿಂತುಹೋಯಿತು.

ನನಗೆ ಬರುವ ವಿದ್ಯೆ ಒಂದೇ: ಹೆದರುವುದು. ಅದನ್ನು ಇನ್ನೊಬ್ಬರಿಗೆ ದಾಟಿಸುವುದೂ ಬರುತ್ತದೆ ಎಂದು ಆ ವಾರ ತಿಳಿಯಿತು. ಕಾಗದ ಮುಂದಿಡುವ ನೆವದಲ್ಲಿ ಸಾಹೇಬರ ಪಕ್ಕ ನಿಂತು, “ಸಾರ್, ಈ ಕಿಟಕಿ ಪದ್ಧತಿ... ನಾಳೆ ಯಾರಾದ್ರೂ ಕೋರ್ಟಿಗೆ ಹೋಗಿ, ಗಾಡೀಲಿ ಕೂತಿದ್ದೋನು ಬೇರೆ ಯಾರೋ ಅಂದ್ರೆ?” ಎಂದೆ.

“ಹಂಗೂ ಮಾಡ್ತಾರೇನ್ರೀ?”

“ಎಲ್ಲೋ ಆಗಿದೆ ಅಂತ ಕೇಳಿದ್ದೆ ಸಾರ್. ಕೆಲಸಕ್ಕೇ ಸಂಚಕಾರ ಬಂತಂತೆ.”

ಎಲ್ಲೂ ಆಗಿರಲಿಲ್ಲ. ಸಾಹೇಬರು ಎದ್ದು ಹೋಗಿ ತಮ್ಮ ಕೈಯಾರೆ ಕಿಟಕಿ ಮುಚ್ಚಿ ಅಗಳಿ ಹಾಕಿದರು.

ಇನ್ನೊಂದು ಮಾತು. ಹತ್ತಲಾರದ ಅಶಕ್ತರಿದ್ದರೆ ಅಧಿಕಾರಿಯೇ ಅವರ ಮನೆಗೆ ಹೋಗಿ ಪತ್ರ ನೋಂದಾಯಿಸಬಹುದು ಎಂದು ಕಾನೂನಿನಲ್ಲೇ ಇತ್ತು. ಹೊಸ ಸಾಹೇಬರಿಗೆ ಅದು ಹೊಳೆಯಲಿಲ್ಲ. ನನಗೆ ಗೊತ್ತಿತ್ತು. ಹೇಳಲಿಲ್ಲ. ಕಟ್ಟಡ ಕಟ್ಟಿದವನಿಗೆ ಕಾಲಿಲ್ಲದವರು ನೆನಪಿಗೆ ಬರಲಿಲ್ಲ ಅಷ್ಟೆ. ನಾನು ನೆನಪಿಟ್ಟುಕೊಂಡೇ ಮಾಡಿದೆ.

ಸಂತೆಯ ದಿನ ಗಾಡಿ ಬಂತು. ಗೌಡರ ಅಣ್ಣನ ಮಕ್ಕಳಿಗೆ ಸುಳಿವು ಸಿಗದಿರಲೆಂದು ಪಕ್ಕದೂರಿನ ನಿಂಗನ ಗಾಡಿ. ಗೌಡರು ಮಡಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಕೆಳಗಿನಿಂದಲೇ ಕೂಗಿದರು:

“ಜಗ್ಗಪ್ನೋರೇ, ಕಿಟ್ಕಿ ತೆಗ್ಸಿ ಸ್ವಾಮಿ! ಎತ್ತು ಬಿಸ್ಲಲ್ ನಿಂತವೆ!”

ಆ ಹೆಸರಿನಿಂದ ಕರೆಯದೆ ಇದ್ದಿದ್ದರೆ — ಇಲ್ಲ, ಆಗಲೂ ತೆಗೆಸುತ್ತಿರಲಿಲ್ಲ. ಮೆಟ್ಟಿಲ ತುದಿಗೆ ಹೋಗಿ ನಿಂತೆ.

“ಕಿಟಕಿ ಹಾಜರಿ ನಿಂತುಹೋಯ್ತು ಗೌಡ್ರೇ. ಮೇಲೆ ಬಂದ್ರೆ ಕೆಲಸ ಆಗುತ್ತೆ.”

“ಮ್ಯಾಲಕ್ಕಾ? ನಾನಾ?” ನಕ್ಕರು. “ತಮಾಸಿ ಮಾಡ್ಬ್ಯಾಡಿ ಸ್ವಾಮಿ.”

“ರೂಲ್ಸು.”

ನಿಂಗ ಬೆನ್ನು ಬಗ್ಗಿಸಿದ. “ಬನ್ನಿ ಗೌಡ್ರೇ, ಕೂತ್ಕಳಿ, ಒತ್ಕಂಡೋಯ್ತೀನಿ.”

“ಥೂ, ಬುಡ್ಲಾ. ಕೂಸಾ ನಾನು?”

ಅವರೇ ಮೆಟ್ಟಿಲಿಗೆ ಕೈ ಇಟ್ಟರು. ಸವೆದ ಕಲ್ಲಿನ ಮೇಲೆ ಟೈರಿನ ತುಂಡು ಕಿರ್ರೆನ್ನುವ ಸದ್ದು ಈಗಲೂ — ಹೋಗಲಿ. ಇಳಿಯುವವರು ಗೋಡೆಗೆ ಒತ್ತಿಕೊಂಡು ಅವರನ್ನು ದಾಟಿ ಹೋದರು. ಯಾರೋ “ಪಾಪ” ಎಂದರು. ನನಗೆ ಸುಖವಾಗುತ್ತಿತ್ತು. ಆ ಒಂದೊಂದು ಮೆಟ್ಟಿಲೂ ನನ್ನ ಬಾಕಿ ತೀರಿಸಿದಂತಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಉಳಿದದ್ದನ್ನು ಬರೆಯುವುದೇ ಬೇಡ.

ತಿರುವಿನಲ್ಲಿ ನಿಂತು ತಲೆಯೆತ್ತಿ ನನ್ನ ಮುಖ ನೋಡಿದರು. ಆಗ ಅವರಿಗೆ ಅರ್ಥವಾಯಿತು.

“ಆ ಬೀಗದ್ ಮಾತ್ಗಾ ಸ್ವಾಮಿ?”

ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ.

“ಬಾಯ್ ಚಪಲ ಕಣ್ರೀ ನಂದು. ಬಾಯ್ ಬುಟ್ರೆ ಇನ್ನೇನದೆ ನಂತಾವ? ನಿಮ್ ಕಾಲ್ಗ್ ಬೀಳ್ತೀನಿ ಅನ್ನಾನ ಅಂದ್ರೆ, ಇಗಳಿ, ಬಿದ್ದೇ ಇವ್ನಿ.” ಉಸಿರು ತೆಗೆದುಕೊಂಡರು. “ಇದು ನಂಗಲ್ಲ. ನಮ್ ಜಯಂಗೆ. ಗಂಡ ಬುಟ್ ಓದ. ಹತ್ವರ್ಸದಿಂದ ಮಗೀನಂಗೆ ನನ್ನ ನೋಡ್ಕಂಡವ್ಳೆ. ನಾ ಕಣ್ ಮುಚ್ಚುದ್ರೆ ನಮ್ಮಣ್ಣನ್ ಮಕ್ಳು ಅವ್ಳನ್ನ ಕೊಟ್ಗೆಗ್ ತಳ್ತಾರೆ ಕಣ್ರೀ.”

ಕೇಳಿಸಿತು ಜಯಮ್ಮನವರೇ. ಒಂದೊಂದು ಅಕ್ಷರವೂ ಕೇಳಿಸಿತು. ಗದ್ದೆ ಯಾರಿಗೆ, ಯಾಕೆ ಎಂದು ತಿಳಿದ ಮೇಲೆ ನಾನು ಆಡಿದ ಮಾತು ಇದು:

“ಅರ್ಧ ಹತ್ತಿದೀರಲ್ಲ ಗೌಡ್ರೇ. ಇನ್ನರ್ಧ ಹತ್ತಿ.”

ಹತ್ತಲು ಹೋದರು. ಮುಂದಿನ ಮೆಟ್ಟಿಲ ಹಳ್ಳದಲ್ಲಿ ಟೈರು ಜಾರಿತು. ಗಲ್ಲ ಕಲ್ಲಿಗೆ ಬಡಿದು, ಜಾರಿಕೊಂಡು ಹೋಗಿ ನಿಂಗನ ಕೈಗೆ ಸಿಕ್ಕಿದರು. ಬಿಳಿ ಅಂಗಿಯ ಮುಂಭಾಗವೆಲ್ಲ ರಕ್ತ. ಅವರ ಗಲ್ಲದ ಗಾಯ ನಿಮಗೆ ನೆನಪಿರಬೇಕು. ಗಾಡಿಯಿಂದ ಬಿದ್ದೆ ಎಂದು ಹೇಳಿದರಂತೆ. ಕೆಳಗೆ ನಿಂಗನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: “ಜಯಂಗೆ ಏಳ್ಬ್ಯಾಡ ಕಣ್ಲಾ, ಬಾಸೆ ಕೊಡು. ನಾನಿಂಗೆ ತೆವುಳ್ದೆ ಅಂತ ಗೊತ್ತಾದ್ರೆ ಅವ್ಳು ಗದ್ದೆನೇ ಬ್ಯಾಡ ಅಂದ್ಬುಡ್ತಾಳೆ.”

ಆ ಸಂಜೆ ಬೀಗ ಹಾಕಿ ಒಂದೇ ಸಲಕ್ಕೆ ಇಳಿದು ಬಂದೆ. ತಿರುಗಿ ನೋಡಲಿಲ್ಲ. ಕಾಫಿ ಬಿಸಿಬಿಸಿಯಾಗಿ ಕುಡಿದೆ. ನನ್ನ ಜನ್ಮದಲ್ಲಿ ಅಂಥ ನಿಶ್ಚಿಂತೆಯ ಸಂಜೆ ಅದೊಂದೇ.

ಇನ್ನೊಂದು ದಿನ ಹೋದರಾಯಿತು ಎಂದು ನಿಮ್ಮ ಮಾವ ನಿಮಗೆ ಹೇಳಿದ್ದರಂತೆ. ಆ ಮಳೆಗಾಲದ ಜ್ವರ ಇನ್ನೊಂದು ದಿನವನ್ನು ಕೊಡಲಿಲ್ಲ.

ಆಮೇಲೆ ನೀವು ಬಂದಿರಿ. ಕೆಸರು ಒಣಗಿದ ಕಾಲು, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ. ನಿಮ್ಮ ಹೆಸರಿಗೆ ಬರಬೇಕಿದ್ದ ಅದೇ ಗದ್ದೆಯಲ್ಲಿ ಕೂಲಿಗೆ ನಾಟಿ ಮಾಡಿ ಬಂದಿದ್ದಿರಿ ಎಂದು ನಂತರ ತಿಳಿಯಿತು.

“ಬುದ್ದೀ, ನಮ್ ಮಾವ ಗದ್ದೆ ಬರ್ಸಾಕೆ ಇಲ್ಲೀಗ್ ಬಂದಿದ್ನಾ? ಓಯ್ತೀನಿ ಅಂತ ಗಾಡಿ ಕಟ್ಟಿಸ್ಕಂಡ್ ಓದ. ಬಂದಿದ್ನಾ?”

“ಬಂದಿರ್ಲಿಲ್ಲಮ್ಮ.”

“ಸರ್ಯಾಗ್ ಗ್ಯಾಪ್ಕ ಮಾಡ್ಕಳಿ ಬುದ್ದಿ.”

“ಕಾಲಿಲ್ಲದ ಮನುಷ್ಯ ಬಂದಿದ್ರೆ ನೆನಪಿರಲ್ವಾ?”

ಪತ್ರ ಬರೆಯುವ ಅಯ್ಯನವರು ಅಲ್ಲೇ ಇದ್ದರು. ನನ್ನ ಮುಖ ನೋಡಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಬಂದಿದ್ದರು ಎಂದು ಅಂದು ನಾನು ಹೇಳಿದ್ದರೂ ಗದ್ದೆ ನಿಮಗೆ ಸಿಗುತ್ತಿರಲಿಲ್ಲ. ಆದರೆ ಮಾವ ಸಿಗುತ್ತಿದ್ದರು. ನೀವು ಕೆಳಗಿಳಿದು, ಹೊಂಗೆಮರದಡಿಯ ಮಣ್ಣು ಹಿಡಿಯಲ್ಲಿ ಬಾಚಿ ನಿಮ್ಮೂರಿನ ದಿಕ್ಕಿಗೆ ತೂರಿದಿರಿ. “ನಂಬ್ಸಿ ಕತ್ ಕುಯ್ದಲ್ಲೋ ಮಾವ! ಅಣ್ಣನ್ ಮಕ್ಳೇ ಎಚ್ಚಾದ್ರಾ ನಿಂಗೆ? ಮಾರ್ನಾಮಿಲಿ ನಿಂಗ್ ಎಡೆ ಇಕ್ಕಿದ್ರೆ ನಾನು ನಮ್ಮವ್ವನ್ ಮಗಳೇ ಅಲ್ಲ!” ಮುಚ್ಚಿದ ಕಿಟಕಿಯ ಹಿಂದೆ ನಿಂತು ಕೇಳಿದೆ. ಅಗಳಿ ತೆಗೆಯಲು ಕೈ ಹೋಗಿತ್ತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹೋಗಿರಲಿಲ್ಲ.

ವರ್ಗವಾಗಿ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸುತ್ತಿ ಈಗ ಹುಣಸೂರಿನಲ್ಲಿದ್ದೇನೆ. ಮೊನ್ನೆ ಬಸ್ ನಿಲ್ದಾಣದಲ್ಲಿ ನಿಂಗ ಸಿಕ್ಕಿದ. ಕೊಡಗಿನ ಕಾಫಿ ತೋಟದಲ್ಲಿ ಇಷ್ಟು ವರ್ಷ ದುಡಿದು ಊರಿಗೆ ವಾಪಸಾಗಿದ್ದಾನೆ. ಗುರುತು ಹಿಡಿದ. ನಮಸ್ಕಾರ ಮಾಡಲಿಲ್ಲ.

“ಜಯಕ್ಕ ಇನ್ನೂವೆ ಗೌಡ್ರಿಗೆ ಎಡೆ ಇಕ್ಕಾಕಿಲ್ಲ ಸ್ವಾಮಿ. ಅವ್ರೆಸ್ರು ಎತ್ತುದ್ರೆ ಉಗೀತಾಳೆ.”

“ನೀನು ಹೇಳಬಾರದಿತ್ತೇನಯ್ಯಾ?” ಎಂದೆ. ನೋಡಿ, ಅಲ್ಲೂ ಇನ್ನೊಬ್ಬನ ಮೇಲೆ ಹಾಕಲು ಹೊರಟೆ.

“ನಾನ್ ಸತ್ತೋರ್ಗೆ ಬಾಸೆ ಕೊಟ್ಟಿವ್ನಿ. ನೀವ್ ಯಾರ್ಗ್ ಕೊಟ್ಟಿದ್ರಿ?”

ಬಸ್ಸು ಬಂತು, ಹತ್ತಿ ಹೋದ.

ಈ ಕಾಗದವನ್ನು ಅಂಚೆಗೆ ಹಾಕುವ ಯೋಚನೆಯಿತ್ತು. ನಿಮಗೆ ಓದು ಬಾರದು. ನಿಮ್ಮೂರಿನಲ್ಲಿ ಓದಿ ಹೇಳುವವರೆಂದರೆ ನಿಮ್ಮನ್ನು ಕೊಟ್ಟಿಗೆಗೆ ತಳ್ಳಿದ ಆ ಅಣ್ಣನ ಮಕ್ಕಳ ಮನೆಯವರೇ ಇರಬಹುದು — ಅವರಿಗೆ ಬೇಡದ್ದು ನಿಮ್ಮ ಕಿವಿಗೆ ಬೀಳುವುದಿಲ್ಲ. ಆದ್ದರಿಂದ ಇದು ನನಗೇ ಒಂದು ಅಭ್ಯಾಸ. ಎದುರು ನಿಂತಾಗ ನಾಲಿಗೆ ಹಿಂಜರಿದರೆ ನೋಡಿಕೊಂಡು ಓದಲು.

ಮಾರ್ನಾಮಿಯ ಅಮಾವಾಸ್ಯೆಗೆ ನಿಮ್ಮೂರಿಗೆ ಬರುತ್ತೇನೆ. ಅಂದು ಹಿರಿಯರಿಗೆ ಎಡೆ ಇಡಲು ಮನೆಮಂದಿಯೆಲ್ಲ ಸೇರಿರುತ್ತಾರೆ, ಗೌಡರ ಅಣ್ಣನ ಮಕ್ಕಳೂ ಇರುತ್ತಾರೆ. ಎಲ್ಲರೂ ಕೇಳುವಂತೆ ಹೇಳುತ್ತೇನೆ. ಅವರು ನನ್ನನ್ನು ಹೊಡೆದರೂ ಹೊಡೆಯಬಹುದು. ಇದನ್ನು ಬರೆಯುತ್ತಲೇ ಇನ್ನೆರಡು ಸಲ ಚಿಲಕ ನೋಡಿ ಬಂದೆ. ಆದರೂ ಬರುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ, ಕೊಡಬೇಕೋ ಬಿಡಬೇಕೋ ಎಂಬ ಸಂಕಟವನ್ನೂ ನಿಮ್ಮ ತಲೆಗೆ ಕಟ್ಟಿದಂತೆ. ನಿಮ್ಮ ಸಿಟ್ಟು ಇಷ್ಟು ವರ್ಷ ತಪ್ಪು ಮನುಷ್ಯನ ಮೇಲೆ ಬಿದ್ದಿದೆ. ಅದರಲ್ಲಿ ಒಂದು ಚೂರೂ ಕಡಿಮೆ ಮಾಡಬೇಡಿ. ನಾನು ಹೇಳಿ ಮುಗಿಸಿದ ಮೇಲೆ ಮೊದಲು ಒಳಗೆ ಹೋಗಿ ನಿಮ್ಮ ಮಾವನಿಗೆ ಎಲೆ ಹಾಕಿ, ಅವರಿಗೆ ಏನು ಇಷ್ಟವೋ ಅದನ್ನು ಬಡಿಸಿ. ನಾನು ಹೊರಗೆ ನಿಂತಿರುತ್ತೇನೆ. ನಿಧಾನವಾಗಿ ಬನ್ನಿ.