ಅವರ ರೈಫಲ್ಲು, ನನ್ನ ಬಾಗಿಲ ಚಿಲಕ

ನನ್ನ ಮೊಮ್ಮಗಳು ನಡೆದಳು!

ನಿಮಗೇ ಮೊದಲು ಹೇಳುತ್ತಿದ್ದೇನೆ. (ನಮ್ಮೂರು ಸೊಕ್ಕೆಯಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ ಬಿಟ್ಟು.) ಸೋಮವಾರ ಬೆಳಿಗ್ಗೆ ಅಡುಗೆಮನೆಯ ಗೋಡೆ ಬಿಟ್ಟವಳೇ ತಟಪಟ ಹೆಜ್ಜೆ ಹಾಕಿದಳು. ಎಲ್ಲಿಗೆ ಬಂದಳು ಗೊತ್ತೇ? ನೆಟ್ಟಗೆ ನನ್ನ ರೂಮಿಗೆ!

ಕೈ ಚಾಚಿದೆ. ಅಷ್ಟರಲ್ಲಿ ಸೊಸೆ ಓಡಿ ಬಂದು ಅವಳನ್ನು ಎತ್ತಿಕೊಂಡು, ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು. ಒಳಗೆ ನಾನಿರುವುದು ಆಮೇಲೆ ನೆನಪಾಯಿತಂತೆ. ನಾನು ಮತ್ತು ರೈಫಲ್ಲು.

ರೈಫಲ್ಲು ನಮ್ಮ ಯಜಮಾನರದು. ಮೆಕ್ಕೆಜೋಳಕ್ಕೆ ಹಂದಿ ನುಗ್ಗುತ್ತವೆಂದು ತಂದದ್ದು. ಅವರು ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಯಿತು. (ಅದನ್ನು ಓದಲು ನನಗೆ ಅರ್ಧ ದಿನ ಬೇಕು.) ಒಂದು ಗುಂಡೂ ಹಾರಿಸಿದವಳಲ್ಲ. ಮಂಚದ ಪಕ್ಕ ನಿಲ್ಲಿಸಿಕೊಂಡು, ಎಣ್ಣೆಬಟ್ಟೆಯಲ್ಲಿ ಒರೆಸುತ್ತೇನೆ. ಒರೆಸುವಾಗ ಮಾತಾಡುತ್ತೇನೆ. ಎಲೆಕ್ಷನ್ ಬಂದರೆ ಠಾಣೆಗೆ ಒಪ್ಪಿಸಬೇಕಲ್ಲ, ಆ ದಿನಗಳಲ್ಲಿ ರೂಮಿಗೆ ಹೋಗಲು ಮನಸ್ಸೇ ಬರುವುದಿಲ್ಲ. ಮನೆ ತುಂಬ ಜನರಿದ್ದೂ ಒಬ್ಬಳೇ ಎಂದು ನಿಮಗೂ ಅನ್ನಿಸುತ್ತದೆಯೇ?

ಈಗ ಅದರ ಸೇಫ್ಟಿ ಕೆಟ್ಟಿದೆ. ಲಾಕ್ ಮಾಡಿದ್ದರೂ ಟ್ರಿಗರ್ ಎಳೆದರೆ ಟಕ್ ಅನ್ನುತ್ತದೆ. ದಾವಣಗೆರೆಯಲ್ಲಿ ರಿಪೇರಿ ಮಾಡಿಸಿದರೆ ರೈಫಲ್ಲೂ ಉಳಿಯಿತು, ಮೊಮ್ಮಗಳೂ ಬಂದಳು ಎಂದುಕೊಂಡೆ.

“ಸೇಫ್ಟಿ ಸರಿ ಮಾಡಿಸ್ತೀನಿ ಕಣವ್ವ. ಆಮೇಲಾದ್ರೂ ಕೂಸನ್ನ ಒಳಗೆ ಬಿಡ್ತೀಯಾ?” ಎಂದು ಸೊಸೆಯನ್ನು ಕೇಳಿದೆ.

“ಸರಿ ಮಾಡ್ಸಿದ್ರೆ ಅದು ಪೊರಕೆ ಆಗ್ತೈತೇನ್ರಿ ಅತ್ತೆ?”

ಮಗ ನಡುವೆ ಬಾಯಿ ಹಾಕಿದ. “ಅಪ್ಪನ ನೆನಪು ಕಣೆ, ಇರ್ಲಿ ಬಿಡು.”

“ಇರ್ಲಿ ರೀ, ನಾನೇನ್ ಬ್ಯಾಡ ಅಂದ್ನಾ? ಚಿಲಕಾನೂ ಇರ್ಲಿ.”

ಬಾಯಿ ಜೋರು. ಆದರೆ ತಪ್ಪೆಲ್ಲಿದೆ ಹೇಳಿ?

ಆ ವಾರವಿಡೀ ನಾನು ರೂಮಿನಲ್ಲಿದ್ದಾಗೆಲ್ಲ ಮುಚ್ಚಿದ ಬಾಗಿಲ ಆಚೆ ಕಾಲ್ಗೆಜ್ಜೆ ಓಡಾಡಿತು. ಹತ್ತಿರ ಬರುತ್ತಿತ್ತು, ಪುಟ್ಟ ಕೈ ಬಾಗಿಲು ಬಡಿಯುತ್ತಿತ್ತು, ಯಾರೋ ಎತ್ತಿಕೊಂಡು ಹೋಗುತ್ತಿದ್ದರು. ಯಜಮಾನರಿಗಂತೂ ಅವಳನ್ನು ನೋಡುವ ಪುಣ್ಯವಿರಲಿಲ್ಲ. ಬದುಕಿದ್ದೂ ನಾನು ಬಾಗಿಲ ಸಂದಿಯಿಂದ ನೋಡಬೇಕೇ?

ನಿನ್ನೆ ರೈಫಲ್ಲಿಗೆ ಬಟ್ಟೆ ಸುತ್ತಿ, ಮಗನ ಬೈಕ್ ಹತ್ತಿ ಜಗಳೂರು ಠಾಣೆಗೆ ಹೋದೆ. ಪೇದೆ ನಕ್ಕ.

“ಈಗ ಯಾವ ಎಲೆಕ್ಷನ್ನೂ ಇಲ್ವಲ್ಲಜ್ಜಿ, ಯಾಕ್ ತಂದ್ರಿ?”

“ಈ ಸಲ ವಾಪಸ್ ಬ್ಯಾಡ ಕಣಪ್ಪ. ಸೇಫ್ಟಿ ಕೆಟ್ಟೈತೆ, ಅದನ್ನೂ ಬರ್ಕೋ. ಯಾರಾದ್ರೂ ಮುಟ್ಟಾಕೆ ಹೋದಾರು.”

ಕೊಡುವಾಗ ಕೈ ತಡೆಯಿತು. ಮಗ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ.

ಸಂಜೆ ಯಾರೂ ಹೇಳದೆಯೇ ಸೊಸೆ ನನ್ನ ರೂಮಿನಲ್ಲಿ ಚಾಪೆ ಹಾಸಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಮನೆಯವರೆಲ್ಲ ಅಲ್ಲೇ ಕೂತು ಉಂಡೆವು. ಮೊಮ್ಮಗಳು ಎಲ್ಲರ ತಟ್ಟೆಗೂ ಕೈ ಹಾಕಿ, ರೊಟ್ಟಿ ಚೂರು ಹಿಡಿದುಕೊಂಡು ಮಂಚದ ಪಕ್ಕದ ಖಾಲಿ ಮೂಲೆಗೆ ಹೋಗಿ ಕೂತಳು. ನಗಲು ಹೋದ ನನಗೆ ಅಳು ಬಂತು.

ಯಜಮಾನರೇ ಅಲ್ಲಿ ಕೂತಿದ್ದರೂ, ಸರಿದು ಅವಳಿಗೆ ಜಾಗ ಕೊಡುತ್ತಿರಲಿಲ್ಲವೇ?