ಕಾಫಿಗೆ ಮುಂಚೆ ಕೇಳಬೇಕಾದ ಮಾತು

ಬಟ್ಟೆ ಒಗೆಯುವ ದಿನ ಬಂತೆಂದರೆ ನಮ್ಮ ಮನೆಯಲ್ಲೊಂದು ಪುಟ್ಟ ಕದನ ಖಾಯಂ. ನನ್ನ ಅಂಗಿಯ ಜೇಬಿನಿಂದ ಹೊರಬೀಳುವ ರಶೀದಿಗಳ ಮುದ್ದೆಯೇ ಅದಕ್ಕೆ ಕಾರಣ. ಸೀಮೆಎಣ್ಣೆಯದು, ಸೈಕಲ್ ರಿಪೇರಿಯದು, ಕೊನೆಗೆ ಎರಡು ಇಡ್ಲಿಗೆ ಹೋಟೆಲಿನವನನ್ನು ಕಾಡಿಸಿ ಬರೆಸಿಕೊಂಡದ್ದೂ ಅದರಲ್ಲಿರುತ್ತದೆ. ನನ್ನಾಕೆ ನನಗೆ 'ಸಂಶಯಾತ್ಮ' ಎಂದು ಬಿರುದು ಕೊಟ್ಟಿದ್ದಾಳೆ. ಬಿರುದು ಒಪ್ಪುವಂಥದೇ, ಆದರೆ ಅದನ್ನು ನಾನು ಗಳಿಸಿದ್ದು ತಡವಾಗಿ. ಸಂಶಯಪಡಬೇಕಾಗಿದ್ದ ಹೊತ್ತಿನಲ್ಲಿ ನಾನು ಮಹಾ ಸಭ್ಯನಾಗಿದ್ದೆ.

ಎಪ್ಪತ್ತರ ದಶಕ ಆಗಿನ್ನೂ ಶುರುವಾಗಿತ್ತು. ನಾನು ಚಿತ್ರದುರ್ಗದ ಬ್ಯಾಂಕೊಂದರಲ್ಲಿ ಗುಮಾಸ್ತ, ಅಂದರೆ ಬಂಧುವರ್ಗದ ಪಾಲಿಗೆ ಸಾಕ್ಷಾತ್ ಕುಬೇರನ ಕಾರ್ಯದರ್ಶಿ. ಚಿಕ್ಕಜಾಜೂರಿನಲ್ಲಿದ್ದ ನನ್ನ ಸೋದರತ್ತೆ ಗಿರಿಜತ್ತೆ, ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಕ್ವಾರ್ಟರ್ಸಿನ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟು ಬದುಕುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸುವುದೇ ಕಷ್ಟವಾದಾಗ, ಆಪರೇಷನ್ನಿಗೆಂದು ದಿನಕ್ಕೆ ಎಂಟಾಣೆಯನ್ನು, ಬೇರೊಂದು ಬ್ಯಾಂಕಿನಿಂದ ಮನೆಬಾಗಿಲಿಗೆ ಬರುತ್ತಿದ್ದ ಪಿಗ್ಮಿಯವನ ಕೈಗೆ ಹಾಕತೊಡಗಿದಳು. ನಯವಂತ ಮನುಷ್ಯ, ದಿನವೂ ಅವಳ ಕಾಫಿ ಕುಡಿದು, ಅವಳ ಕಾರ್ಡಿನಲ್ಲಿ ಬರೆದು ಹೋಗುತ್ತಿದ್ದ.

ನಾನು ರಜೆ ಹಾಕಿ ಹೋಗಿದ್ದ ಒಂದು ದಿನ ಅತ್ತೆ ದನಿ ತಗ್ಗಿಸಿ ಕೇಳಿದಳು: "ಕಾರ್ಡು ಬ್ಯಾಂಕಿನಾಗೈತಮ್ಮ ಅಂತ ಎರಡು ತಿಂಗಳಿಂದ ಹೇಳ್ತಾನಪ್ಪ. ಹಂಗೆ ಇಟ್ಕಂಬೋದಾ?"

ಇಟ್ಟುಕೊಳ್ಳುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಅವನೇ ಬಂದ, ಅತ್ತೆ ಇಬ್ಬರಿಗೂ ಕಾಫಿ ತಂದಿಟ್ಟಳು. ನಮ್ಮ ಕಡೆ ಒಂದು ಅಲಿಖಿತ ಶಾಸನವಿದೆ: ಮನೆಯ ಕಾಫಿ ಕುಡಿದವನನ್ನು ಲೆಕ್ಕ ಕೇಳಬಾರದು. ನೀವಾಗಿದ್ದರೆ ಕೇಳುತ್ತಿದ್ದಿರೋ ಏನೋ; ನಾನು ಮಾತ್ರ ನಾಲಿಗೆಯ ತುದಿಗೆ ಬಂದಿದ್ದ ಪ್ರಶ್ನೆಯನ್ನು ಕಾಫಿಯೊಂದಿಗೇ ನುಂಗಿ, ಭೀಮಸಮುದ್ರದ ಅಡಿಕೆ ಧಾರಣೆಯ ಬಗ್ಗೆ ವಿದ್ವತ್ಪೂರ್ಣವಾಗಿ ಮಾತಾಡಿದೆ. ಅವನು ಹೋದ ಮೇಲೆ, "ಒಳ್ಳೆ ಮನುಷ್ಯ ಇದ್ದಂಗವ್ನೆ, ಬಿಡತ್ತೆ" ಎಂದೆ.

ಮುಂದಿನ ತಿಂಗಳು ಅವನು ಊರು ಬಿಟ್ಟ. ಬ್ಯಾಂಕಿನ ಪುಸ್ತಕದಲ್ಲಿ ಅತ್ತೆಯ ಹೆಸರಿನ ಮುಂದೆ ಎಂಟು ತಿಂಗಳಿಂದ ಏನೂ ಜಮೆಯಾಗಿರಲಿಲ್ಲ, ಕೊಟ್ಟದ್ದಕ್ಕೆ ಸಾಕ್ಷಿಯಾಗಿದ್ದ ಕಾರ್ಡು ಅವನ ಜೊತೆಗೇ ಹೋಗಿತ್ತು. ಅನುಮಾನ ಬಂದವರು ಮಾಡಬೇಕಾದ್ದು ಇಷ್ಟೇ: ಅಂದೇ ಬ್ಯಾಂಕಿಗೆ ಹೋಗಿ ಪುಸ್ತಕ ತೆಗೆಸಿ ನೋಡುವುದು. ಆ ಬ್ಯಾಂಕು ಹೊಳಲ್ಕೆರೆಯಲ್ಲಿತ್ತು, ಅಂದು ವಾಪಸು ಬರುವಾಗ ನನ್ನ ಬಸ್ಸು ಅದರ ಮುಂದೆಯೇ ಹಾದುಹೋಗಿತ್ತು. ನಾನು ಇಳಿಯಲಿಲ್ಲ. ಸಾಲಸೋಲ ಮಾಡಿ ನಾನೇ ಆಪರೇಷನ್ ಮಾಡಿಸುವ ಹೊತ್ತಿಗೆ ಅತ್ತೆಯ ಒಂದು ಕಣ್ಣು ಹೋಗಿಬಿಟ್ಟಿತ್ತು, ಹೊಲಿಗೆ ನಿಂತಿತ್ತು.

ಆಮೇಲೆ ನಾನೂ ಒಂದು ಬ್ಯಾಂಕ್ ವಂಚನೆ ಆರಂಭಿಸಿದೆ. ತಿಂಗಳಿಗೊಮ್ಮೆ ಹೋಗಿ, ಬ್ಯಾಂಕಿನವರು ಕಂತಿನಲ್ಲಿ ವಾಪಸು ಕೊಡುತ್ತಿದ್ದಾರೆಂದು ಹೇಳಿ ಹದಿನೈದು ರೂಪಾಯಿಯನ್ನು ಅವಳ ಕೈಯಲ್ಲಿಡುತ್ತಿದ್ದೆ. ಮೂರನೆಯ ಸಲ ಅತ್ತೆ ಒಲೆಯ ಕಡೆ ಹೋಗದೆ ನನ್ನೆದುರಿಗೇ ಕುಳಿತಳು.

"ಕಾಫಿ ಆಮ್ಯಾಲೆ ಕೊಡ್ತೀನಪ್ಪ, ಕುಡುದ್ ಮ್ಯಾಲೆ ಕೇಳಾಕಾಗಲ್ಲ. ಈ ದುಡ್ಡಿಗೆ ಬ್ಯಾಂಕಿನೋರು ಚೀಟಿ ಕೊಟ್ಟವರಾ?"

ಜೇಬು ತಡಕಿದೆ. ಬಸ್ಸಿನ ಟಿಕೇಟು ಸಿಕ್ಕಿತು. ಅತ್ತೆ ನೋಟುಗಳನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿ, ಗೋಡೆ ಸವರುತ್ತ ಕಾಫಿ ಮಾಡಲು ಒಳಗೆ ಹೋದಳು.

ರಶೀದಿ ಕೂಡಿಡುವ ಚಟ ಅಂದಿನಿಂದ ಹತ್ತಿದ್ದು. ನನ್ನಾಕೆ ಗೊಣಗುತ್ತಲೇ ಒದ್ದೆ ಮುದ್ದೆಯನ್ನು ಬಿಡಿಸಿ ಬಿಸಿಲಿಗೆ ಹರಡುವಾಗ ನಾನು ಎದುರಾಡುವುದಿಲ್ಲ. ಒಣಗಿದ ಮೇಲೆ ಒಂದೊಂದನ್ನೇ ತೆಗೆದು ನೋಡುತ್ತೇನೆ. ಅತ್ತೆ ಕೇಳಿದ ಚೀಟಿ ಮಾತ್ರ ಅದರಲ್ಲಿರುವುದಿಲ್ಲ.